ರಾಜೀವಿ ಟೀಚರ ತಪ್ಪಿನ ಡಬ್ಬಿ

ಕೊಕ್ಕಡದಿಂದ ಮೂರು ಕಿಲೋಮೀಟರು ಒಳಗೆ, ಪಾಲೆದಡಿಯ ಅನುದಾನಿತ ಶಾಲೆಯಲ್ಲಿ ರಾಜೀವಿ ಟೀಚರು ಇಂಗ್ಲಿಷ್ ಕಲಿಸಲು ತೊಡಗಿ ಇಪ್ಪತ್ತೆರಡು ವರ್ಷ ಕಳೆದಿತ್ತು. ಅಷ್ಟು ವರ್ಷಗಳಲ್ಲಿ ಅವರು ದನಿ ಏರಿಸಿದ್ದನ್ನು ಕೇಳಿದವರಿಲ್ಲ. ಮಕ್ಕಳ ಮೇಲೆ ಸಿಟ್ಟು ಬಂದರೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದರು, ಅಷ್ಟೇ. ಕನ್ನಡಕ ತೆಗೆದರೆಂದರೆ ತರಗತಿ ತಾನಾಗಿ ತಣ್ಣಗಾಗುತ್ತಿತ್ತು. ಅಂಥ ಹೆಂಗಸು ಮಿಜಾರಿನ ಸಭಾಂಗಣದಲ್ಲಿ, ಎಂಬತ್ತು ಮಂದಿ ಶಿಕ್ಷಕರ ನಡುವೆ ಎದ್ದು ನಿಂತು ಕಿರುಚಿದರು ಎಂಬ ಸುದ್ದಿ ಊರಿಗೆ ಬಂದಾಗ ಯಾರೂ ನಂಬಲಿಲ್ಲ. "ಬೇರೆ ಯಾರೋ ರಾಜೀವಿ ಇರ್ಬೇಕು ಮಾರಾಯ್ರೆ" ಎಂದರು ಅಂಗಡಿಯ ಗುರುವಪ್ಪ. ಬೇರೆ ಯಾರೂ ಅಲ್ಲ, ಅವರೇ.

ಅವರು ಹುಟ್ಟಿದ್ದು ಮೂಡುಬಿದಿರೆ ಬದಿಯ ಪುತ್ತಿಗೆಯಲ್ಲಿ, ಬಸದಿಯ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ ಜೈನ ಕುಟುಂಬದಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಎಂಬುದು ಪುಸ್ತಕದಲ್ಲಿ ಮಾತ್ರ ಇರುವ ಒಂದು ಪ್ರಾಣಿ. ಪಿಯುಸಿಗೆ ಸೇರಿದ ಎರಡನೆಯ ವಾರ ಉಪನ್ಯಾಸಕರು ಎಬ್ಬಿಸಿ ನಿಲ್ಲಿಸಿ ಓದಿಸಿದರು. 'ಐಲ್ಯಾಂಡ್' ಎಂಬುದನ್ನು ಹುಡುಗಿ ಅಕ್ಷರಕ್ಕೆ ಅಕ್ಷರ ಜೋಡಿಸಿ 'ಇಸ್‌ಲ್ಯಾಂಡ್' ಎಂದು ಓದಿದಳು. ಅರುವತ್ತು ಮಂದಿ ನಕ್ಕರು. ಉಪನ್ಯಾಸಕರೂ ನಕ್ಕರು. ಆಮೇಲೆ ಆರು ವರ್ಷ ಆಕೆ ನಾಲ್ಕು ಜನರೆದುರು ಇಂಗ್ಲಿಷಿನಲ್ಲಿ ಬಾಯಿ ತೆರೆಯಲಿಲ್ಲ. ಪರೀಕ್ಷೆಯಲ್ಲಿ ಬರೆದಳು, ಪಾಸಾದಳು, ಬಿ.ಎಡ್. ಮುಗಿಸಿದಳು, ಬಾಯಿ ಮಾತ್ರ ತೆರೆಯಲಿಲ್ಲ.

ಟೀಚರಾಗಿ ಪಾಲೆದಡಿಗೆ ಬಂದ ಮೊದಲ ವರ್ಷ ಅವರಿಗೆ ಕಾಣಿಸಿದ್ದು ಆ ಮುಚ್ಚಿದ ಬಾಯಿಗಳೇ. ಐದನೆಯ ತರಗತಿಯ ಮೂವತ್ತು ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ತುಳು, ಏಳೆಂಟು ಮಂದಿಯದು ಬ್ಯಾರಿ. ಆಟದ ಬಯಲಿನಲ್ಲಿ ಗಂಟಲು ಹರಿಯುವ ಹಾಗೆ ಮಾತಾಡುವ ಮಕ್ಕಳು ಇಂಗ್ಲಿಷ್ ಪೀರಿಯಡ್ಡಿನ ಗಂಟೆ ಹೊಡೆದ ಕೂಡಲೇ ಮೂಕರಾಗುತ್ತಿದ್ದರು. ಪಠ್ಯಪುಸ್ತಕದ ಪ್ರಶ್ನೆ, ಬೋರ್ಡಿನ ಉತ್ತರ, ಕಾಪಿ. ಇದು ಕಲಿಸುವುದಲ್ಲ, ಮೂಕರನ್ನು ತಯಾರಿಸುವುದು ಎಂದು ಅವರಿಗೆ ಅನಿಸಿತು.

ಆಗ ಶುರುವಾದದ್ದು ಬಸ್ ಪಾಠ. ಬೆಂಚುಗಳನ್ನು ಎರಡು ಸಾಲು ಮಾಡಿದರೆ ತರಗತಿಯೇ ಉಪ್ಪಿನಂಗಡಿಗೆ ಹೋಗುವ ಬಸ್ಸು. ಕಂಡಕ್ಟರು ಇಂಗ್ಲಿಷಿನಲ್ಲೇ ಕೇಳಬೇಕು, ಪ್ರಯಾಣಿಕರು ಇಂಗ್ಲಿಷಿನಲ್ಲೇ ಉತ್ತರಿಸಬೇಕು. ಶಬ್ದ ಸಿಗದಿದ್ದರೆ ಪಕ್ಕದ ಸೀಟಿನವರನ್ನು ತುಳುವಿನಲ್ಲೋ ಬ್ಯಾರಿಯಲ್ಲೋ ಕೇಳಬಹುದು. ನಿಜವಾದ ಬಸ್ಸಿನಲ್ಲೂ ಹಾಗೇ ತಾನೆ? ಮಗ್ಗುಲ ಕೋಣೆಯ ಮಾಸ್ತರರು ಗದ್ದಲಕ್ಕೆ ಬೈದರು. ಟೀಚರು ಬೆಂಚು ಸರಿಸುವುದನ್ನು ನಿಲ್ಲಿಸಲಿಲ್ಲ.

ಕೆಲವು ವರ್ಷಗಳ ಬಳಿಕ ತಪ್ಪಿನ ಡಬ್ಬಿ ಬಂತು. ಗುರುವಪ್ಪನ ಅಂಗಡಿಯಲ್ಲಿ ಖಾಲಿಯಾದ ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿ. ಯಾರಾದರೂ ಮಾಡಿದ ತಪ್ಪಿನ ಹಿಂದೆ ಒಂದು ಕಾರಣ ಕಂಡರೆ ಆ ವಾಕ್ಯವನ್ನು ಅವರೇ ಚೀಟಿಯಲ್ಲಿ ಬರೆದು, ಕೆಳಗೆ ತಮ್ಮ ಹೆಸರು ಹಾಕಿ, ಡಬ್ಬಿಗೆ ಹಾಕುವುದು. ಶನಿವಾರ ಕೊನೆಯ ಪೀರಿಯಡ್ಡಿನಲ್ಲಿ ಡಬ್ಬಿ ತೆರೆಯುವುದು. ತಪ್ಪು ಮಾಡಿದವರಿಗೆ ಅಂದು ಟೀಚರ ಕುರ್ಚಿ. 'ಮೈ ಹೆಡ್ ಈಸ್ ಟರ್ನಿಂಗ್' ಎಂದು ಬರೆದವನು ಕುರ್ಚಿಯಲ್ಲಿ ಕುಳಿತು, ಮನೆಯಲ್ಲಿ ತಲೆ ತಿರುಗುವುದನ್ನು ಹೇಗೆ ಹೇಳುತ್ತೇವೆ, ಇಂಗ್ಲಿಷಿನವರು ಯಾಕೆ ಹಾಗೆ ಹೇಳುವುದಿಲ್ಲ ಎಂದು ಉಳಿದವರಿಗೆ ವಿವರಿಸಬೇಕು. ಮಾರ್ಕು ಕಳೆಯುವ ಮಾತೇ ಇಲ್ಲ. ಮಕ್ಕಳು ತಮ್ಮ ತಪ್ಪು ಡಬ್ಬಿಗೆ ಬೀಳಲೆಂದು ಕಾಯತೊಡಗಿದರು. ಬೀಳಬೇಕಾದರೆ ಬಾಯಿ ತೆರೆಯಲೇಬೇಕಲ್ಲ! ಪ್ರತಿ ಶನಿವಾರದ್ದನ್ನೂ ಟೀಚರು ಡೈರಿಯಲ್ಲಿ ಬರೆದಿಟ್ಟರು, ಒಳ್ಳೆಯ ಚೀಟಿಗಳನ್ನು ಅಂಟಿಸಿಟ್ಟರು. ಹನ್ನೊಂದು ವರ್ಷ, ಹನ್ನೊಂದು ಡೈರಿ.

೨೦೧೯ರ ನವೆಂಬರಿನಲ್ಲಿ ಡಾಕ್ಟರ್ ಕೇಶವಪ್ರಸಾದ ಶಾಲೆಗೆ ಬಂದರು. ಬೆಂಗಳೂರಿನ ಒಂದು ಖಾಸಗಿ ತರಬೇತಿ ಸಂಸ್ಥೆಯ ಮುಖ್ಯಸ್ಥರು, ಮೂಲ ಬಂಟ್ವಾಳದ ಕಡೆ. ಬಂದವರೇ ತುಳುವಿನಲ್ಲಿ ಮಾತಾಡಿಸಿ ಎಲ್ಲರ ಮನಸ್ಸು ಗೆದ್ದರು. ನಾಲ್ಕು ದಿನ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ನೋಡಿದರು. ಹೋಗುವ ದಿನ, "ನಿಮ್ಮ ಡೈರಿಗಳನ್ನು ಎರಡು ದಿನಕ್ಕೆ ಕೊಡಿ ಮೇಡಂ, ಓದಿ ಕೊಡ್ತೇನೆ. ನಿಮ್ಮಂಥವರ ಕೆಲಸ ನಾಲ್ಕು ಜನಕ್ಕೆ ಗೊತ್ತಾಗ್ಬೇಕು" ಎಂದರು.

ಹದಿನೆಂಟು ವರ್ಷದ ಕೆಲಸದಲ್ಲಿ ಯಾರೂ ಆಡದ ಮಾತು ಅದು. ಟೀಚರು ಹನ್ನೊಂದನ್ನೂ ಬಟ್ಟೆಯ ಚೀಲಕ್ಕೆ ತುಂಬಿ ಕೊಟ್ಟರು. ಎರಡು ದಿನ ಏಳು ತಿಂಗಳಾಯಿತು. ಶಾಲೆಗಳೆಲ್ಲ ಮುಚ್ಚಿದ್ದ ಆ ಕೊರೊನಾ ಕಾಲದಲ್ಲಿ ಡೈರಿಗಳು ಕೊರಿಯರಿನಲ್ಲಿ ಮನೆಗೆ ಬಂದವು. ಜೊತೆಯಲ್ಲಿ ಒಂದು ಗೆರೆಯ ಕಾಗದವೂ ಇರಲಿಲ್ಲ.

೨೦೨೩ರ ಜೂನ್‌ನಲ್ಲಿ ಮೂವತ್ತರಷ್ಟು ಶಾಲೆಗಳ ಆಡಳಿತ ಮಂಡಳಿಗಳು ಸೇರಿ ಅದೇ ಸಂಸ್ಥೆಯನ್ನು ಕರೆಸಿದವು. ಮಿಜಾರಿನಲ್ಲಿ ಐದು ದಿನದ ತರಬೇತಿ, ಇಂಗ್ಲಿಷ್ ಟೀಚರುಗಳಿಗೆ ಹಾಜರಿ ಕಡ್ಡಾಯ. ಮೊದಲೆರಡು ದಿನ ಎಲ್ಲ ತರಬೇತಿಗಳ ಹಾಗೆಯೇ ಕಳೆಯಿತು: ಬಣ್ಣದ ಚೀಟಿ ಹಂಚಿ ಗುಂಪು ಮಾಡುವುದು, ಚಪ್ಪಾಳೆ ತಟ್ಟುವುದು, ಗ್ರೂಪ್ ಫೋಟೊ. ಮೂರನೆಯ ದಿನ ಮಧ್ಯಾಹ್ನ ಕೈಪಿಡಿ ಕೊಟ್ಟರು. ಹಿಂಬದಿಯ ರಕ್ಷಾಪುಟದಲ್ಲಿ ಕೇಶವಪ್ರಸಾದರ ನಗುವ ಚಿತ್ರ. ಹದಿನಾಲ್ಕನೆಯ ಪುಟ ತೆರೆದರೆ ಬಸ್ ಪಾಠ, ಉಪ್ಪಿನಂಗಡಿಯ ಹೆಸರಿನ ಸಮೇತ.

ಟೀಚರಿಗೆ ಮೊದಲು ಆದದ್ದು ಸಂತೋಷ. ಅದನ್ನು ಅವರು ಈಗಲೂ ಮುಚ್ಚಿಡುವುದಿಲ್ಲ. ಪಾಲೆದಡಿಯ ಬೆಂಚುಗಳು ಎಲ್ಲಿಂದ ಎಲ್ಲಿಗೆ ಬಂದವಲ್ಲ ಎಂದು ಎದೆ ತುಂಬಿತು. ಪಕ್ಕದಲ್ಲಿದ್ದ ಶುಭಶ್ರೀಗೆ, ಆಕೆ ಮೂಡುಬಿದಿರೆಯ ಶಾಲೆಯೊಂದಕ್ಕೆ ಹೊಸದಾಗಿ ಸೇರಿದ ಟೀಚರು, ಪುಟ ತೋರಿಸಿ, "ನೋಡು, ಇದು ನಮ್ಮದು" ಎಂದು ಪಿಸುಗುಟ್ಟಿದರು. ತಮ್ಮ ಹೆಸರು ಎಲ್ಲಾದರೂ ಇದೆಯೇ ಎಂದು ಮೊದಲ ಪುಟ, ಕೊನೆಯ ಪುಟ ನೋಡಿದರು. ಇರಲಿಲ್ಲ. ಇರಲಿ ಎಂದುಕೊಂಡರು. ಆಮೇಲೆ ಇಪ್ಪತ್ತೆರಡನೆಯ ಪುಟಕ್ಕೆ ಬಂದರು.

ಅಲ್ಲಿ ತಪ್ಪಿನ ಡಬ್ಬಿ 'ದೋಷ ಪೆಟ್ಟಿಗೆ' ಆಗಿತ್ತು. ಪ್ರತಿ ಚೀಟಿಗೂ ಒಂದು ಅಂಕ ಕಡಿತ. ಗೋಡೆಯ ಮೇಲೆ ಮಕ್ಕಳ ಹೆಸರಿನ ಪಟ್ಟಿ, ಹೆಸರಿನೆದುರು ಕೆಂಪು ಚುಕ್ಕೆ. ಪ್ರತಿ ಶನಿವಾರ ಹೆಚ್ಚು ಚುಕ್ಕೆ ಬಿದ್ದವರ ಹೆಸರನ್ನು ತರಗತಿಯ ಎದುರು ಓದಿ ಹೇಳಬೇಕು. ಇದರಿಂದ 'ಆರೋಗ್ಯಕರ ಸ್ಪರ್ಧೆ' ಬೆಳೆಯುತ್ತದೆ.

ಟೀಚರು ಕನ್ನಡಕ ತೆಗೆದರು.

ಅದೇ ಹೊತ್ತಿಗೆ, ಅಂದು ವೇದಿಕೆಗೆ ಬಂದಿದ್ದ ಕೇಶವಪ್ರಸಾದರ ಹಿಂದಿನ ಪರದೆಯ ಮೇಲೆ ಒಂದು ಚೀಟಿ ಮೂಡಿತು. ಹೆಸರಿನ ಭಾಗ ಕತ್ತರಿಸಿದ್ದರು. ಆದರೆ ಬಲಕ್ಕೆ ವಾಲುವ ಆ ಅಕ್ಷರಗಳನ್ನು ಟೀಚರು ಕತ್ತಲಲ್ಲೂ ಗುರುತಿಸಬಲ್ಲರು. 'ಮೈ ಉಮ್ಮಾ ಗೋ ಟು ಹಾಸ್ಪಿಟಲ್. ಶಿ ಟೆಲ್ ಐ ಕಮ್.' ನಾಲ್ಕು ವರ್ಷದ ಹಿಂದೆ, ಐದನೆಯ ತರಗತಿಯಲ್ಲಿದ್ದಾಗ ಖದೀಜ ಬರೆದದ್ದು.

ಖದೀಜಳ ತಾಯಿಯನ್ನು ಆ ವರ್ಷ ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದರು. ಹೊರಡುವಾಗ ನಮ್ಮ ಕಡೆ ಯಾರೂ 'ಹೋಗುತ್ತೇನೆ' ಎನ್ನುವುದಿಲ್ಲ, 'ಬರುತ್ತೇನೆ' ಎನ್ನುತ್ತಾರೆ. ಆ ತಾಯಿಯೂ ಹಾಗೇ ಹೇಳಿ ಹೋಗಿದ್ದರು. ಆ ಶನಿವಾರ ಮಗು ಕುರ್ಚಿಯಲ್ಲಿ ಕುಳಿತು ಇದನ್ನೆಲ್ಲ ಹೇಳಿದಾಗ ಟೀಚರು, ಇಂಗ್ಲಿಷಿನಲ್ಲಿ 'ಐ ವಿಲ್ ಬಿ ಬ್ಯಾಕ್' ಎನ್ನುವುದು ವಾಡಿಕೆ ಎಂದು ಕಲಿಸಿದ್ದರು. ಖದೀಜ ಅದನ್ನು ಎರಡು ಸಲ ಹೇಳಿ ನೋಡಿ, "ಸರಿ ಉಂಟು ಟೀಚರ್. ಆದ್ರೆ ಅದು ಉಮ್ಮ ಹೇಳಿದ ಹಾಗೆ ಕೇಳುದಿಲ್ಲ" ಎಂದಿದ್ದಳು. ಟೀಚರು ಅಂದು ಎರಡು ವಾಕ್ಯಗಳನ್ನೂ ಬೋರ್ಡಿನ ಮೇಲೆ ಬಿಟ್ಟಿದ್ದರು. ತಾಯಿ ನಲುವತ್ತು ದಿನ ಕಳೆದು ಮನೆಗೆ ಬರುವವರೆಗೂ ಆ ಮೂಲೆಯನ್ನು ಯಾರೂ ಒರೆಸಲಿಲ್ಲ.

"ನೋಡಿ, ಆಸ್ಪತ್ರೆಗೆ ಹೋಗುವವಳು ಐ ಕಮ್ ಅಂತಾಳೆ!" ಕೇಶವಪ್ರಸಾದರು ಕೈ ಬೀಸಿ ಹೇಳಿದರು. "ಬರುವವಳೋ ಹೋಗುವವಳೋ? ಪಾಪ, ಡಾಕ್ಟರಿಗೇ ಕನ್‌ಫ್ಯೂಸ್!"

ಸಭಾಂಗಣ ಗೊಳ್ಳೆಂದು ನಕ್ಕಿತು.

"ನಗಬೇಡಿ!"

ಆ ದನಿ ತನ್ನದೇ ಎಂದು ಟೀಚರಿಗೆ ತಿಳಿದದ್ದು ಎದ್ದು ನಿಂತ ಮೇಲೆ. ಎಂಬತ್ತು ತಲೆಗಳು ತಿರುಗಿದವು.

"ಮೇಡಂ, ಪ್ರಶ್ನೆಗಳಿಗೆ ಕೊನೆಗೆ ಸಮಯ ಉಂಟು" ಎಂದರು ಕೇಶವಪ್ರಸಾದರು, ನಗು ಇಳಿಸದೆ.

"ನನ್ನದು ಪ್ರಶ್ನೆ ಅಲ್ಲ. ಅದನ್ನು ಬರೆದ ಮಗುವಿಗೆ ಒಂದು ಹೆಸರು ಉಂಟು. ನೀವು ಕತ್ತರಿಸಿದ್ದೀರಿ."

"ಮಕ್ಕಳ ಹೆಸರು ಹಾಕ್ಲಿಕ್ಕಿಲ್ಲ ಮೇಡಂ. ಅದು ನಿಯಮ."

"ಹೆಸರು ಹಾಕ್ಲಿಕ್ಕಿಲ್ಲ, ನಗಾಡ್ಲಿಕ್ಕೆ ಉಂಟಾ? ಅದು ಯಾವ ನಿಯಮ?" ಟೀಚರು ಕೈಪಿಡಿ ಎತ್ತಿ ತೋರಿಸಿದರು. "ಬಸ್ಸು ನನ್ನ ತರಗತಿಯದ್ದು. ಡಬ್ಬಿ ನನ್ನ ತರಗತಿಯದ್ದು. ಎರಡು ದಿನಕ್ಕೆ ಅಂತ ಹೇಳಿ ನನ್ನ ಹನ್ನೊಂದು ಡೈರಿ ತಗೊಂಡು ಹೋದವರು ನೀವು."

ಕೇಶವಪ್ರಸಾದರ ಮುಖ ಒಂದು ಕ್ಷಣ ಬಿಗಿಯಿತು. ಮತ್ತೆ ಸಡಿಲವಾಯಿತು. "ನೋಡಿ, ನಿಮ್ಮಲ್ಲಿದ್ದದ್ದು ಅನುಭವ. ಅದಕ್ಕೆ ಶಾಸ್ತ್ರೀಯ ಚೌಕಟ್ಟು ಕೊಟ್ಟದ್ದು ನಾವು. ಐಡಿಯಾ ಅನ್ನುದು ಯಾರ ಮನೆಯ ಸ್ವತ್ತೂ ಅಲ್ಲ."

"ಸ್ವತ್ತು ಬೇಡ, ನೀವೇ ಇಟ್ಟುಕೊಳ್ಳಿ. ಆದ್ರೆ ನನ್ನ ಡಬ್ಬಿಯಲ್ಲಿ ಮಾರ್ಕು ಕಳೀಲಿಕ್ಕೆ ಇರ್ಲಿಲ್ಲ. ಹೆಸರು ಓದಿ ಮರ್ಯಾದೆ ತೆಗೀಲಿಕ್ಕೆ ಇರ್ಲಿಲ್ಲ. ಬಾಯಿ ತೆರೀಲಿ ಅಂತ ನಾನು ಇಟ್ಟದ್ದನ್ನು ಬಾಯಿ ಮುಚ್ಚಿಸ್ಲಿಕ್ಕೆ ಇಟ್ಟಿದ್ದೀರಲ್ಲ, ಕದಿಯುವವರು ಸರಿಯಾಗಿ ಕದೀಬಾರ್ದಾ?"

ಶುಭಶ್ರೀ ಅವರ ಸೆರಗು ಜಗ್ಗಿ, "ಬೇಡ ಮೇಡಂ, ಕೂತ್ಕೊಳ್ಳಿ" ಎಂದಳು. ಉಳಿದವರು ಕೈಪಿಡಿ ನೋಡಿದರು, ಮೊಬೈಲು ನೋಡಿದರು. ಅವರಲ್ಲಿ ಹತ್ತು ಹದಿನೈದು ಮಂದಿ ಟೀಚರನ್ನು ವರ್ಷಗಳಿಂದ ಬಲ್ಲವರು. ಪಾಲೆದಡಿಗೆ ಬಂದು ಡಬ್ಬಿ ಕಂಡು ಹೋದವರೂ ಇದ್ದರು. ಒಬ್ಬರಾದರೂ 'ಹೌದು' ಎನ್ನಲಿಲ್ಲ. ಎರಡು ದಿನ ಕಳೆದರೆ ಪ್ರಮಾಣಪತ್ರ ಕೈಗೆ ಬರುವುದಿತ್ತು.

ಟೀಚರು ಕೈಪಿಡಿಯನ್ನು ಕುರ್ಚಿಯ ಮೇಲಿಟ್ಟು ಹೊರನಡೆದರು. ಬಸ್ಸಿಗೆ ಕಾಯುವಾಗ ಕಣ್ಣೀರು ಬಂತು. ಅಳುವುದು ಅಪಮಾನಕ್ಕಲ್ಲ, ಸಿಟ್ಟಿಗೆ ಎಂದು ಯಾರಿಗೆ ಹೇಳುವುದು? ಕೇಶವಪ್ರಸಾದರಿಗಿಂತ ಹೆಚ್ಚಾಗಿ ಆ ಎಂಬತ್ತು ಜನರ ನಗು ಅವರನ್ನು ಸುಟ್ಟಿತ್ತು. ನಕ್ಕವರೆಲ್ಲ ಟೀಚರುಗಳು. ಮನೆಯಲ್ಲಿ ದಿನಾ ತುಳುವಿನಲ್ಲಿ 'ಬರ್ಪೆ', ಬರುತ್ತೇನೆ, ಎಂದು ಹೇಳಿ ಹೊರಡುವವರು.

ವಾರದೊಳಗೆ ನೋಟಿಸು ಬಂತು. ತರಬೇತಿಗೆ ಅಡ್ಡಿಪಡಿಸಿದ್ದು, ಅನುಮತಿಯಿಲ್ಲದೆ ಎದ್ದು ಹೋದದ್ದು, ಗಣ್ಯರೊಬ್ಬರನ್ನು ಕಳ್ಳನೆಂದದ್ದು: ಮೂರು ಆರೋಪ, ಹದಿನೈದು ದಿನದೊಳಗೆ ವಿವರಣೆ. ಶಾಲೆಯ ಸಂಚಾಲಕ ವೇಣುಗೋಪಾಲರು ಕೆಟ್ಟ ಮನುಷ್ಯರಲ್ಲ. ಕರೆದು ಕೂರಿಸಿ ಹೇಳಿದರು: "ಒಂದು ಸಾಲು ಬರೆದು ಕೊಡಿ ಟೀಚರ್, ದುಡುಕಿದೆ, ವಿಷಾದ ಉಂಟು ಅಂತ. ನಾನು ಫೈಲು ಮುಚ್ತೇನೆ."

"ವಿಷಾದ ಇಲ್ಲ ಸಾರ್. ಇಲ್ಲದ್ದನ್ನು ಹೇಗೆ ಬರೆಯುದು?"

"ಎಲ್ಲರೂ ಬರೀತಾರೆ."

"ಅದಕ್ಕೇ ಹೀಗಾದದ್ದು."

ನೋಟಿಸಿಗಿಂತ ದೊಡ್ಡ ಪೆಟ್ಟು ಇನ್ನೊಂದು ದಿಕ್ಕಿನಿಂದ ಬಂತು. ಕೇಶವಪ್ರಸಾದರ ಆ ಹಾಸ್ಯವನ್ನು ಯಾರೋ ಪರದೆಯ ಚೀಟಿಯ ಸಮೇತ ಮೊಬೈಲಿನಲ್ಲಿ ಹಿಡಿದಿದ್ದರು. ಅದು ವಾಟ್ಸಾಪಿನಲ್ಲಿ ಸುತ್ತಿ ಸುತ್ತಿ ಖದೀಜ ಕಲಿಯುತ್ತಿದ್ದ ಹೈಸ್ಕೂಲಿಗೂ ಮುಟ್ಟಿತು. ಒಂಬತ್ತನೆಯ ತರಗತಿಯಲ್ಲಿ ಟೀಚರೊಬ್ಬರು ತಮಾಷೆಗೆಂದು ತೋರಿಸಿದರು. ತರಗತಿ ನಕ್ಕಿತು. ಖದೀಜ ತನ್ನ ಅಕ್ಷರ ಕಂಡಳು.

ಆ ಶನಿವಾರ ಅವಳ ತಂದೆ ಮಹಮ್ಮದ್ ಕುಂಞಿ ಗೂಡ್ಸ್ ರಿಕ್ಷಾದಲ್ಲಿ ಮಗಳನ್ನು ಕರೆದುಕೊಂಡು ಪಾಲೆದಡಿಗೆ ಬಂದರು. "ಮೂರು ದಿನ ಆಯ್ತು ಟೀಚರ್, ಶಾಲೆಗೆ ಹೋಗುದಿಲ್ಲ ಅಂತಾಳೆ. ನಿಮ್ಮನ್ನು ಒಂದು ಮಾತು ಕೇಳ್ಬೇಕಂತೆ" ಎಂದು ಹೇಳಿ ಅವರು ಬಾಗಿಲ ಹೊರಗೆ ನಿಂತರು.

ಹುಡುಗಿ ಎತ್ತರವಾಗಿದ್ದಳು. ಮುಖ ಎತ್ತದೆ ಕೇಳಿದಳು: "ಆ ಚೀಟಿ ನೀವು ಕೊಟ್ಟದ್ದಾ ಟೀಚರ್?"

ಮಿಜಾರಿನಲ್ಲಿ ಎಂಬತ್ತು ಜನರೆದುರು ತಡವರಿಸದ ನಾಲಗೆ ಇಲ್ಲಿ ತಡವರಿಸಿತು. ತರಗತಿಯೊಳಗೆ ನಂಬಿ ಬರೆದದ್ದನ್ನು, ಹೊಗಳಿಕೆಯ ಒಂದು ಮಾತಿಗೆ ಸೋತು, ಚೀಲಕ್ಕೆ ತುಂಬಿ ಕೊಟ್ಟದ್ದು ಯಾರು? ಕೇಶವಪ್ರಸಾದರು ಟೀಚರನ್ನು ಕೇಳಲಿಲ್ಲ ಎಂಬುದು ನಿಜ. ಟೀಚರು ಖದೀಜಳನ್ನು ಕೇಳಿದ್ದರೇ?

"ಹೌದು ಖದೀಜ, ನಾನೇ ಕೊಟ್ಟದ್ದು. ನಿನ್ನನ್ನು ಕೇಳದೆ ಕೊಟ್ಟೆ. ಅದು ನನ್ನ ತಪ್ಪು. ಬೇರೆ ಯಾರದ್ದೂ ಅಲ್ಲ."

ಖದೀಜ ಮುಖ ಎತ್ತಿ ಟೀಚರನ್ನು ನೋಡಿದಳು. ಆಮೇಲೆ ಹೇಳಿದಳು: "ನೀವು ಅಲ್ಲಿ ಜೋರು ಮಾಡಿದ್ರಂತೆ."

"ಮಾಡಿದೆ. ಅದಕ್ಕೆ ನೋಟಿಸು ಬಂದಿದೆ. ವಿವರಣೆ ಬರೀಬೇಕು."

"ಹಾಗಾದ್ರೆ ಅದರಲ್ಲಿ ನನ್ನ ಹೆಸರು ಹಾಕಿ. ಬರೆದದ್ದು ನಾನು ಅಂತ ಹಾಕಿ. ಉಮ್ಮ ಬಂದ್ರು ಅಂತಲೂ ಹಾಕಿ."

ತಂದೆಯನ್ನು ಒಳಗೆ ಕರೆದು ಟೀಚರು ಅವರ ಒಪ್ಪಿಗೆಯನ್ನೂ ಕೇಳಿದರು. "ಹಾಕಿ ಟೀಚರ್" ಎಂದರು ಮಹಮ್ಮದ್ ಕುಂಞಿ. "ನಗಾಡುವವರು ನಮ್ಮ ಮನೆಗೆ ಬಂದು ನಗಾಡ್ಲಿ, ನೋಡುವ."

ಸೋಮವಾರ ಖದೀಜ ಶಾಲೆಗೆ ಹೋದಳು. ಅದೇ ಸೋಮವಾರ ಟೀಚರು ವಿವರಣೆ ಬರೆಯಲು ಕುಳಿತರು. ಆರು ವರ್ಷ ಬಾಯಿ ಮುಚ್ಚಿಸಿದ್ದ ಅದೇ ಇಂಗ್ಲಿಷಿನಲ್ಲಿ ಬರೆದರು. ಐದು ಪುಟ. ಯಾವ ಡೈರಿಯಲ್ಲಿ, ಯಾವ ತಾರೀಕಿನಂದು, ಯಾವ ಪಾಠ. ಕೈಪಿಡಿಯಲ್ಲಿ ಅದು ಯಾವ ಪುಟ. ಎಲ್ಲಿ ತಿರುಚಿದ್ದಾರೆ, ತಿರುಚಿದ್ದರಿಂದ ಮಕ್ಕಳಿಗೆ ಏನಾಗುತ್ತದೆ. ಖದೀಜಳ ಹೆಸರು ಹಾಕಿದರು, ತಾಯಿ ಮರಳಿ ಬಂದದ್ದನ್ನೂ ಹಾಕಿದರು. ಕೇಳದೆ ಕೊಟ್ಟದ್ದು ತನ್ನ ತಪ್ಪೆಂದು ಒಂದು ಪ್ಯಾರಾ ಬರೆದರು. ವಿಷಾದ ಎಂಬ ಶಬ್ದ ಬಂದದ್ದು ಅಲ್ಲಿ ಮಾತ್ರ.

ಮಂಡಳಿಯ ಸಭೆಯಲ್ಲಿ ವೇಣುಗೋಪಾಲರು ಪುಟ ಮಗುಚಿ ಮಗುಚಿ ಸುಸ್ತಾಗಿ, "ಕನ್ನಡದಲ್ಲಿ ಬರೀಬಹುದಿತ್ತಲ್ಲ ಟೀಚರ್" ಎಂದರು.

"ಇಂಗ್ಲಿಷ್ ಸರಿಯಾಗಿ ಬರುದಿಲ್ಲ ಅಂತ ಅಲ್ವಾ ಸಾರ್, ನಮ್ಮನ್ನೆಲ್ಲ ತರಬೇತಿಗೆ ಕಳಿಸಿದ್ದು? ಬರ್ತದಾ ಇಲ್ವಾ ಓದಿ ನೋಡಿ."

ಸಭೆಯಲ್ಲಿ ಡೈರಿಗಳು ಕೈಯಿಂದ ಕೈಗೆ ಹೋದವು. ತಾರೀಕುಗಳ ಎದುರು ಯಾರಿಗೂ ವಾದ ಇರಲಿಲ್ಲ. ಹಾಗೆಂದು ನ್ಯಾಯವೂ ಸಿಗಲಿಲ್ಲ. ಟೀಚರ ಸೇವಾ ಪುಸ್ತಕದಲ್ಲಿ 'ವರ್ತನೆಯ ಬಗ್ಗೆ ಎಚ್ಚರಿಕೆ ನೀಡಲಾಗಿದೆ' ಎಂಬ ಸಾಲು ಕುಳಿತಿತು. ಸಂಸ್ಥೆ ಕೈಪಿಡಿಯ ಎರಡನೆಯ ಮುದ್ರಣ ತಂದಿತು. ಅದರಲ್ಲಿ 'ಕರಾವಳಿಯ ಅನೇಕ ಶಿಕ್ಷಕ ಬಂಧುಗಳಿಗೆ ಕೃತಜ್ಞತೆ' ಎಂದು ಸೇರಿತ್ತು. ಬಂಧುಗಳಿಗೆ ಹೆಸರಿರಲಿಲ್ಲ. ಇಪ್ಪತ್ತೆರಡನೆಯ ಪುಟ ಇದ್ದ ಹಾಗೇ ಇತ್ತು.

ಒಂದು ಭಾನುವಾರ ಶುಭಶ್ರೀ ಕೊಕ್ಕಡಕ್ಕೆ, ಟೀಚರ ಮನೆಗೆ ಬಂದಳು. ಬಂದವರಿಗೆ ಕೊಡುವ ನೀರು ಬೆಲ್ಲ ಮುಟ್ಟುವ ಮೊದಲೇ ಹೇಳಿದಳು: "ಆ ದಿನ ನಾನು ನಿಮ್ಮ ಸೆರಗು ಹಿಡಿದು ಎಳ್ದೆ ಮೇಡಂ. ಎದ್ದು ನಿಲ್ಬೇಕಿತ್ತು. ಈಗ ನಮ್ಮ ಶಾಲೆಯಲ್ಲಿ ಕೆಂಪು ಚುಕ್ಕೆಯ ಪಟ್ಟಿ ಹಾಕಿಸಿದ್ದಾರೆ. ನಾಲ್ಕನೆಯ ಕ್ಲಾಸಿನ ಅಝೀಮ್ ಅಂತ, ಮೊದ್ಲು ಬಾಯಿಗೆ ಬಂದದ್ದೆಲ್ಲ ಇಂಗ್ಲಿಷಿನಲ್ಲಿ ಹೇಳ್ತಿದ್ದ. ಈಗ ಹಾಜರಿಗೂ ಬಾಯಿ ಬಿಡುದಿಲ್ಲ. ಕೈ ಎತ್ತುತ್ತಾನೆ."

ಟೀಚರು ಇನ್ನೊಮ್ಮೆ ಕನ್ನಡಕ ತೆಗೆದರು. ಈ ಸಲ ಒರೆಸಿ ಕೂಡಲೇ ಹಾಕಿಕೊಂಡರು. "ನಿಂಗೆ ಗೊತ್ತಿರುವ ಟೀಚರುಗಳು ಎಷ್ಟು ಮಂದಿ ಉಂಟು?" ಎಂದು ಕೇಳಿದರು.

ಬಂಟ್ವಾಳದಲ್ಲಿ ಶರೀಫ್ ಎಂಬವರ ಪುಸ್ತಕದಂಗಡಿಯ ಮಾಳಿಗೆ ಖಾಲಿಯಿತ್ತು. ಶರೀಫರ ಮಗಳಿಗೆ ಟೀಚರು ಒಂದು ಕಾಲದಲ್ಲಿ ಕಲಿಸಿದ್ದರು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಅಲ್ಲಿ ಸೇರುವುದೆಂದಾಯಿತು. ಮೊದಲ ಸಲ ಬಂದದ್ದು ನಾಲ್ಕು ಜನ, ಈಗ ಹತ್ತೊಂಬತ್ತು. ಮಿಜಾರಿನಲ್ಲಿ ಮೊಬೈಲು ನೋಡುತ್ತ ಕುಳಿತವರಲ್ಲಿ ಕೆಲವರೂ ಬರುತ್ತಾರೆ. ಟೀಚರು ಅವರಿಗೆ ಆ ದಿನವನ್ನು ನೆನಪಿಸುವುದಿಲ್ಲ, ತಾವು ಮರೆತೂ ಇಲ್ಲ. ಅಲ್ಲಿ ಚಪ್ಪಾಳೆಯಿಲ್ಲ, ಪ್ರಮಾಣಪತ್ರವಿಲ್ಲ. ಒಬ್ಬೊಬ್ಬರು ತಮ್ಮ ತರಗತಿಯಲ್ಲಿ ಮಾಡಿದ ಒಂದು ಪಾಠ, ಕೆಟ್ಟುಹೋದ ಒಂದು ಪಾಠ ಹೇಳಬೇಕು. ಯಾವ ಪಾಠ ಯಾರದ್ದು, ಯಾವ ಶಾಲೆಯದ್ದು ಎಂದು ಪುಸ್ತಕದಲ್ಲಿ ಬರೆಯಬೇಕು. ಮಕ್ಕಳ ಬರಹ ತರುವುದಾದರೆ ಮಗುವನ್ನೂ ಮನೆಯವರನ್ನೂ ಕೇಳಿಯೇ ತರಬೇಕು. ಈ ಕೊನೆಯ ನಿಯಮ ಮುರಿದ ಹಿರಿಯ ಮಾಸ್ತರರೊಬ್ಬರನ್ನು ಟೀಚರು ಸಭೆಯ ನಡುವಿನಿಂದಲೇ ವಾಪಸು ಕಳಿಸಿದ್ದುಂಟು.

ಇಪ್ಪತ್ತೆರಡನೆಯ ಪುಟ ತೆಗೆಯಬೇಕೆಂದು ಹತ್ತೊಂಬತ್ತು ಜನರ ಸಹಿಯ ಪತ್ರ ಸಂಸ್ಥೆಗೆ ಹೋಯಿತು. 'ನಿಮ್ಮ ಸಲಹೆಗೆ ಧನ್ಯವಾದ' ಎಂಬ ಉತ್ತರ ಬಂತು. ಎರಡನೆಯ ಪತ್ರಕ್ಕೆ ಉತ್ತರವೇ ಇಲ್ಲ. ಅಷ್ಟರಲ್ಲಿ, ಪಟ್ಟಿ ಹಾಕಿದ್ದ ಏಳು ಶಾಲೆಗಳಲ್ಲಿ ಎರಡರ ಟೀಚರುಗಳೇ ಮುಖ್ಯೋಪಾಧ್ಯಾಯರ ಎದುರು ಕುಳಿತು ವಾದಿಸಿ ಪಟ್ಟಿ ಇಳಿಸಿದರು. ಶುಭಶ್ರೀಯ ಶಾಲೆ ಅವುಗಳಲ್ಲಿ ಒಂದು. ಉಳಿದ ಐದು ಶಾಲೆಗಳ ಗೋಡೆಯ ಮೇಲೆ ಅದು ಈಗಲೂ ಇದೆ.

ಮೂರನೆಯ ಪತ್ರ ಬರೆದು ಮುಗಿಸಿದ ದಿನ ಟೀಚರ ಗಂಡ ಶಶಿರಾಜ್ ಅವರು ಬೈಕಿನಲ್ಲಿ ಅವರನ್ನು ಅಂಚೆ ಕಚೇರಿಗೆ ಕರೆದುಕೊಂಡು ಹೋದರು. ರಿಜಿಸ್ಟರ್ಡ್ ಅಂಚೆಯ ಸಾಲು ಉದ್ದವಿತ್ತು.

"ಸಾಕು ಬಿಡು ಮಾರಾಯ್ತಿ" ಎಂದರು ಅವರು. "ಅವರು ಓದುದೂ ಇಲ್ಲ."

"ಓದದಿದ್ರೆ ನಾಲ್ಕನೆಯದ್ದು ಬರೀತೇನೆ. ಐದು ಶಾಲೆ ಬಾಕಿ ಉಂಟು" ಎಂದು ಹೇಳಿ, ಟೀಚರು ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಹೋದರು.